ಎರಡು ಲಕ್ಷ ರೋಡ್ ಟ್ಯಾಕ್ಸ್ ಕಟ್ಟಿದ್ದೇನೆ, ಮನೆ ಮುಂದಿನ ಗುಂಡಿ ಯಾಕೆ ಮುಚ್ಚಿಲ್ಲ?

ಪ್ರಶ್ನೆ: ಸರ್, ನಾನು ಬೆಂಗಳೂರಿನ ಹೂಡಿಯಲ್ಲಿರುವವನು. ಕೆಲಸ ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ. ಹೋದ ವರ್ಷ 11 ಲಕ್ಷದ ಪೆಟ್ರೋಲ್ ಕಾರು ತಗೊಂಡೆ. ರೋಡ್ ಟ್ಯಾಕ್ಸ್ ಅಂತಲೇ ಎರಡು ಲಕ್ಷದ ಮೇಲೆ ಹೋಯಿತು. ಪೆಟ್ರೋಲ್ ಹಾಕಿಸಿದಾಗೆಲ್ಲ ಟ್ಯಾಕ್ಸ್, ವರ್ಷಕ್ಕೊಂದು ಸಲ ಆಸ್ತಿ ತೆರಿಗೆ ಬೇರೆ. ಆದರೂ ನಮ್ಮ ರಸ್ತೆಗೆ ಡಾಂಬರು ಹಾಕಿದ ಮೊದಲ ಮಳೆಗಾಲಕ್ಕೇ ಗುಂಡಿ ಬಿದ್ದಿದೆ. ಮೆಟ್ರೋದಲ್ಲಿ ಹೋಗೋಣ ಅಂದರೆ ದರ ಏರಿಸಿದ್ದಾರೆ. ನನ್ನ ಹೆಂಡತಿಗೆ ಬಸ್ ಫ್ರೀ, ಆದರೆ ಬಸ್ಸೇ ಬರಲ್ಲ. ಆಫೀಸಿನಲ್ಲಿ ಒಬ್ಬರು ‘ದುಡ್ಡೆಲ್ಲ ಫ್ರೀ ಬಸ್ಸಿಗೆ ಹೋಯ್ತು’ ಅಂತಾರೆ. ಇನ್ನೊಬ್ಬರು ‘ಎಲ್ಲಾ ರಸ್ತೆ ಪ್ರೈವೇಟ್‌ನವರಿಗೆ ಕೊಟ್ಟು ಟೋಲ್ ಹಾಕಿಬಿಡಲಿ’ ಅಂತಾರೆ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಈ ಸಲ ಆಸ್ತಿ ತೆರಿಗೆ ಕಟ್ಟೋದೇ ಬೇಡ ಅಂತ ಚರ್ಚೆ ನಡೀತಿದೆ. ನಿಜವಾಗಿ ನಮ್ಮ ದುಡ್ಡು ಎಲ್ಲಿಗೆ ಹೋಗುತ್ತೆ? ಕಟ್ಟದೇ ಇದ್ದರೆ ತಪ್ಪಾ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಲೆಕ್ಕವೂ ಸರಿಯಾಗಿದೆ. 10ರಿಂದ 20 ಲಕ್ಷದೊಳಗಿನ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಶೇ 17. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. 11 ಲಕ್ಷಕ್ಕೆ 1,87,000 ಆಯಿತು, ಸೆಸ್ ಸೇರಿದರೆ 2,07,570 ರೂಪಾಯಿ. ದೇಶದಲ್ಲಿ ವಾಹನ ತೆರಿಗೆ ಜಾಸ್ತಿ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಪೆಟ್ರೋಲಿನ ಮೇಲೆ ರಾಜ್ಯದ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ 25.92ರಿಂದ ಶೇ 29.84ಕ್ಕೆ ಏರಿಸಿದರು. ಕೇಂದ್ರದ ಸುಂಕ ಬೇರೆ.

ಇಷ್ಟೆಲ್ಲ ಕಟ್ಟಿದವರ ಮುಂದೆ ‘ದುಡ್ಡಿಲ್ಲ ಸಾರ್’ ಅಂದರೆ ಯಾರು ತಾನೇ ನಂಬುತ್ತಾರೆ? ಆದರೆ ನಿಮ್ಮ ವಾರ್ಡಿನ ಇಂಜಿನಿಯರ್ ಹಾಗೆ ಹೇಳಿದರೆ, ಹೆಚ್ಚಿನ ಸಲ ಅವರು ಸುಳ್ಳು ಹೇಳುತ್ತಿರುವುದಿಲ್ಲ. ನೀವು ಕಟ್ಟಿದ್ದೂ ನಿಜ, ಅವರ ಕೈಗೆ ಬರದೇ ಇರುವುದೂ ನಿಜ. ಬೆಂಗಳೂರಿನ ರಸ್ತೆಗಳ ಕಥೆ ಇರುವುದೇ ಈ ಎರಡರ ನಡುವೆ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. ರೋಡ್ ಟ್ಯಾಕ್ಸ್ ಕಟ್ಟಿದರೆ ಅದನ್ನು ರಸ್ತೆಗೇ ಖರ್ಚು ಮಾಡಬೇಕು ಎಂಬ ಕಾನೂನು ಇಲ್ಲ. ಶುಲ್ಕ ಕಟ್ಟಿದರೆ ಅದಕ್ಕೆ ಪ್ರತಿಯಾಗಿ ಸೇವೆ ಕೇಳಬಹುದು. ತೆರಿಗೆ ಹಾಗಲ್ಲ. ಅದು ರಾಜ್ಯದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಒಟ್ಟು ಖಜಾನೆಗೆ, ಹೋಗಿ ಬೀಳುತ್ತದೆ. ಅಲ್ಲಿಂದ ಮೇಷ್ಟ್ರ ಸಂಬಳ, ಪಿಂಚಣಿ, ನೀರಾವರಿ, ಸಾಲದ ಬಡ್ಡಿ, ರಾಯಚೂರಿನ ಹಳ್ಳಿ ರಸ್ತೆ, ಎಲ್ಲದಕ್ಕೂ ಹಂಚಿಕೆಯಾಗುತ್ತದೆ. ವಾಹನ ತೆರಿಗೆಯಂಥವು ರಸ್ತೆ ಬಳಸಿದ್ದಕ್ಕೆ ಕೊಡುವ ಪರಿಹಾರ ಎಂಬ ವಾದ ನಮ್ಮ ಕೋರ್ಟುಗಳಲ್ಲಿ ದಶಕಗಟ್ಟಲೆ ನಡೆದಿತ್ತು. 2016ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಜಿಂದಾಲ್ ಸ್ಟೇನ್‌ಲೆಸ್ ಪ್ರಕರಣದಲ್ಲಿ ಆ ವಾದವನ್ನು ಪಕ್ಕಕ್ಕೆ ಇಟ್ಟಿತು. ಹಾಗಾಗಿ ‘ನನ್ನ ಎರಡು ಲಕ್ಷ ನನ್ನ ರಸ್ತೆಗೆ’ ಅಂತ ಕಾನೂನಿನ ಹೆಸರಿನಲ್ಲಿ ಕೇಳಲು ಬರುವುದಿಲ್ಲ. ರಾಜಕೀಯವಾಗಿ ಕೇಳಬಹುದು, ಕೇಳಲೇಬೇಕು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಪೆಟ್ರೋಲಿನದ್ದೂ ಹೀಗೇ. ಕೇಂದ್ರ ವಸೂಲಿ ಮಾಡುವುದರಲ್ಲಿ ಒಂದು ಭಾಗ ರಸ್ತೆ ಸೆಸ್. ಅದಕ್ಕೆಂದೇ 2000ದಲ್ಲಿ ಕಾಯ್ದೆ ಮಾಡಿ ಪ್ರತ್ಯೇಕ ನಿಧಿ ಕಟ್ಟಿದರು. 2018ರಲ್ಲಿ ಕಾಯ್ದೆ ತಿದ್ದಿ, ರಸ್ತೆಯ ಜೊತೆಗೆ ಬೇರೆ ಮೂಲಸೌಕರ್ಯಗಳಿಗೂ ಅದನ್ನು ಬಳಸಲು ದಾರಿ ಮಾಡಿಕೊಂಡರು. ಆ ದುಡ್ಡು ಹೆದ್ದಾರಿಗೆ ಹೋಗುತ್ತದೆ, ರೈಲ್ವೆಗೆ ಹೋಗುತ್ತದೆ. ಹೂಡಿಯ ಅಡ್ಡರಸ್ತೆಯ ತನಕ ಬರುವುದಿಲ್ಲ.

ಹಾಗಾದರೆ ಆ ಅಡ್ಡರಸ್ತೆ ಯಾರದ್ದು? ಪಾಲಿಕೆಯದ್ದು. ಹಿಂದಿನ ಬಿಬಿಎಂಪಿ ಕೈಯಲ್ಲಿ ಸುಮಾರು 13 ಸಾವಿರ ಕಿಲೋಮೀಟರ್ ರಸ್ತೆ ಇತ್ತು. ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗಿನ ಐದು ಪಾಲಿಕೆಗಳಿಗೆ ಅದು ಹಂಚಿಹೋಗಿದೆ. ನಿಮ್ಮದು ಪೂರ್ವ ಪಾಲಿಕೆ. ನಗರದಲ್ಲಿ ನೋಂದಣಿಯಾದ ವಾಹನ ಒಂದು ಕೋಟಿ ದಾಟಿ ಎಷ್ಟೋ ಕಾಲವಾಯಿತು. ಆ ಒಂದು ಕೋಟಿ ವಾಹನದ ತೆರಿಗೆ ರಾಜ್ಯಕ್ಕೆ, ಇಂಧನದ ತೆರಿಗೆ ರಾಜ್ಯ ಮತ್ತು ಕೇಂದ್ರಕ್ಕೆ. ಅವು ಓಡಿ ಸವೆಸುವ ರಸ್ತೆ ಮಾತ್ರ ಪಾಲಿಕೆಗೆ. ಪಾಲಿಕೆಯ ಸ್ವಂತ ದುಡ್ಡು ಅಂದರೆ ಮುಖ್ಯವಾಗಿ ಆಸ್ತಿ ತೆರಿಗೆ. ಉಳಿದದ್ದು ಮೇಲಿನವರು ಕೊಟ್ಟಾಗ ಬರುವ ಗ್ರಾಂಟು.

ಗ್ರಾಂಟು ಬರುವುದಿಲ್ಲ ಅಂತಲ್ಲ, ಬರುತ್ತದೆ. ಆದರೆ ಅದು ಬರುವುದು ಪ್ರಾಜೆಕ್ಟ್ ರೂಪದಲ್ಲಿ. ವೈಟ್ ಟಾಪಿಂಗ್ (ರಸ್ತೆ ಮೇಲೆ ಕಾಂಕ್ರೀಟ್ ಪದರ ಹಾಕುವುದು), ಫ್ಲೈಓವರ್, ಇಷ್ಟು ಕಿಲೋಮೀಟರ್ ಡಾಂಬರೀಕರಣ. ಇವಕ್ಕೆಲ್ಲ ಗುದ್ದಲಿ ಪೂಜೆ ಮಾಡಬಹುದು, ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು. ಮೋರಿ ಹೂಳು ಎತ್ತುವುದಕ್ಕೆ ಯಾರೂ ಕಲ್ಲು ನೆಡುವುದಿಲ್ಲ. ನನ್ನ ವೃತ್ತಿಯಲ್ಲಿ ರಸ್ತೆ ಎಸ್ಟಿಮೇಟುಗಳನ್ನು ಓದುವುದೇ ದೊಡ್ಡ ಕೆಲಸವಾಗಿತ್ತು. ಒಂದು ಉಪವಿಭಾಗದ ಫೈಲುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹೆಚ್ಚುಕಡಿಮೆ ಯಾವಾಗಲೂ ಒಂದೇ ಚಿತ್ರ: ಅದೇ ರಸ್ತೆಗೆ ಮತ್ತೆ ಮತ್ತೆ ಮರುಡಾಂಬರು, ಪಕ್ಕದ ಚರಂಡಿಗೆ ಅಂತ ಒಂದು ಸಾಲೂ ಇಲ್ಲ. ಕೇಳಿದರೆ ‘ಆ ಹೆಡ್ಡಿನಲ್ಲಿ (ಬಜೆಟ್ಟಿನ ಆ ಬಾಬ್ತಿನಲ್ಲಿ) ದುಡ್ಡಿಲ್ಲ ಸಾರ್’. ಅದೂ ನಿಜ.

ಚರಂಡಿಯ ಮಾತು ಸುಮ್ನೆ ಎತ್ತಲಿಲ್ಲ. ನಿಮ್ಮ ಗುಂಡಿ ಹೇಗೆ ಹುಟ್ಟಿತು ಅಂತ ನೋಡೋಣ. ಡಾಂಬರು ರಸ್ತೆಯ ಮೇಲಿನ ಪದರ ಹಲವು ಸಲ 40 ಮಿಲಿಮೀಟರ್, ಅಂದರೆ ಎರಡು ಬೆರಳಿನಷ್ಟು ದಪ್ಪ. ಭಾರ ಹೊರುವುದು ಅದಲ್ಲ, ಕೆಳಗಿನ ಜಲ್ಲಿ ಪದರ. ಮೇಲಿನದ್ದರ ಮುಖ್ಯ ಕೆಲಸ ನೀರು ಕೆಳಗಿಳಿಯದ ಹಾಗೆ ತಡೆಯುವುದು. ಜಲಮಂಡಳಿಯ ಪೈಪಿಗೋ, ಬೆಸ್ಕಾಂ ಕೇಬಲ್ಲಿಗೋ, ಇಂಟರ್‌ನೆಟ್ ವೈರಿಗೋ ಯಾರೋ ಅಗೆಯುತ್ತಾರೆ. ಮುಚ್ಚುವಾಗ ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡುವುದಿಲ್ಲ. ಕೆಲವೇ ದಿನದಲ್ಲಿ ಅಲ್ಲಿ ಸಣ್ಣ ತಗ್ಗು, ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಮಳೆ ಬರುತ್ತದೆ. ಮೋರಿ ಕಟ್ಟಿಕೊಂಡಿದೆ, ನೀರು ರಸ್ತೆ ಮೇಲೆಯೇ ನಿಲ್ಲುತ್ತದೆ, ಬಿರುಕಿನಲ್ಲಿ ಇಳಿಯುತ್ತದೆ. ಅದರ ಮೇಲೆ ನೀರಿನ ಟ್ಯಾಂಕರ್ ಹಾದುಹೋಗುತ್ತದೆ. ಟೈರಿನ ಒತ್ತಡಕ್ಕೆ ಒಳಗಿನ ನೀರು ಪಿಚಕಾರಿಯಂತೆ ಚಿಮ್ಮಿ, ಜಲ್ಲಿಗೆ ಅಂಟಿದ ಡಾಂಬರನ್ನು ಕಿತ್ತುಹಾಕುತ್ತದೆ. ಬೆಳಿಗ್ಗೆ ನೋಡಿದರೆ ಸಣ್ಣ ಕಲ್ಲುಗಳು ಎದ್ದು ಬಂದಿರುತ್ತವೆ. ಇನ್ನೊಂದು ವಾರಕ್ಕೆ ನಿಮ್ಮ ಕಾರಿನ ಚಕ್ರ ಅದರಲ್ಲಿ ಇಳಿಯುತ್ತದೆ.

ಇಲ್ಲಿ ನಿಮ್ಮ ಕಾರಿನ ತಪ್ಪು ಏನೂ ಇಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಪರೀಕ್ಷೆಗೆಂದೇ ರಸ್ತೆ ಕಟ್ಟಿ, ಅದರ ಮೇಲೆ ಲಾರಿ ಓಡಿಸಿ ನೋಡಿದ್ದರು. ಆಗ ಕಂಡುಬಂದ ನಿಯಮ ಇದು: ಆಕ್ಸಲ್ (ಚಕ್ರಗಳನ್ನು ಜೋಡಿಸುವ ಅಚ್ಚು) ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟು. ಭಾರ ಹತ್ತು ಪಟ್ಟಾದರೆ ಹಾನಿ ಹತ್ತು ಸಾವಿರ ಪಟ್ಟು. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂದು ಆಕ್ಸಲ್ಲಿಗೆ ಒಪ್ಪುವ ಭಾರವನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಭಾರ ಏರಿದ್ದು ಶೇ 13ರಷ್ಟು. ಇದೇ ನಿಯಮದ ಲೆಕ್ಕದಲ್ಲಿ ಹಾನಿ ಏರಿದ್ದು ಶೇ 60ರ ಮೇಲೆ. ಸಾಗಣೆಯವರಿಗೆ ಲಾಭವಾಯಿತು, ಸರಕಿನ ಖರ್ಚು ಕಡಿಮೆಯಾಯಿತು, ಸರಿ. ರಸ್ತೆ ರಿಪೇರಿಗೆ ಅಷ್ಟು ಜಾಸ್ತಿ ದುಡ್ಡು ಯಾರು ಕೊಡುತ್ತಾರೆ ಅಂತ ಪಾಲಿಕೆಗಳನ್ನು ಯಾರೂ ಕೇಳಲಿಲ್ಲ. ಟ್ಯಾಂಕರ್, ಟಿಪ್ಪರ್, ರೆಡಿಮಿಕ್ಸ್ ಲಾರಿಗಳು ಹಗಲು ರಾತ್ರಿ ಓಡಾಡುವ ಹೂಡಿ, ಕಾಡುಗೋಡಿ, ವರ್ತೂರು ಕಡೆ ಇದು ಕಣ್ಣಿಗೇ ಕಾಣುತ್ತದೆ.

ಕಳಪೆ ಕೆಲಸ, ಕಮಿಷನ್ ಇಲ್ಲವಾ ಅಂತ ನೀವು ಕೇಳುತ್ತೀರಿ. ಇದೆ. ಆದರೆ ‘ಎಲ್ಲಾ ತಿಂದರು’ ಅಂತ ಅಲ್ಲಿಗೇ ಮುಗಿಸಿದರೆ ಅರ್ಧ ರೋಗ ಹಾಗೇ ಉಳಿಯುತ್ತದೆ. ಪ್ರಾಮಾಣಿಕ ಕಂಟ್ರಾಕ್ಟರನ್ನೇ ತಗೊಳ್ಳಿ. ಕೆಲಸ ಮುಗಿಸಿ, ಎಷ್ಟು ಕೆಲಸವಾಯಿತು ಅಂತ ಪಾಲಿಕೆಯ ಅಳತೆ ಪುಸ್ತಕದಲ್ಲಿ ಬರೆಸಿ, ಬಿಲ್ ಹಾಕಿ ಕಾಯುತ್ತಾನೆ. ಬಿಲ್ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಬಾಕಿ. ಅವನು ಸಾಲಕ್ಕೆ ಬಡ್ಡಿ ಕಟ್ಟುತ್ತಿರುತ್ತಾನೆ. ಮುಂದಿನ ಟೆಂಡರಿನಲ್ಲಿ ಆ ಬಡ್ಡಿ ಸೇರಿಸಿಯೇ ರೇಟು ಹಾಕುತ್ತಾನೆ, ಇಲ್ಲವೇ ಮಾಲಿನಲ್ಲಿ ಕಡಿತ ಮಾಡುತ್ತಾನೆ. ಬಂಡವಾಳ ಇರುವ ಒಳ್ಳೆಯವರು ‘ಪಾಲಿಕೆ ಕೆಲಸವೇ ಬೇಡ’ ಅಂತ ಲೇಔಟ್ ಕೆಲಸಕ್ಕೆ ಹೋಗಿಬಿಡುತ್ತಾರೆ. ಹೊತ್ತಿಗೆ ಸರಿಯಾಗಿ ದುಡ್ಡು ಕೊಡದವನು ಗುಣಮಟ್ಟ ಕೇಳುವ ದನಿಯನ್ನೂ ಕಳೆದುಕೊಳ್ಳುತ್ತಾನೆ. ಜೊತೆಗೆ ನಮ್ಮ ಊರಿನದ್ದೇ ಒಂದು ತಮಾಷೆ ಇದೆ. ಹಾಟ್ ಮಿಕ್ಸ್ ಮಾಲು, ಅಂದರೆ ಬಿಸಿ ಡಾಂಬರು ಬೆರೆಸಿದ ಜಲ್ಲಿ, ಪ್ಲಾಂಟಿನಿಂದ ಸುಮಾರು 150 ಡಿಗ್ರಿ ಬಿಸಿಯಲ್ಲಿ ಹೊರಡಬೇಕು, ಬಿಸಿ ಇರುವಾಗಲೇ ಹರವಿ ರೋಲರ್ ಹೊಡೆಯಬೇಕು. ಪ್ಲಾಂಟುಗಳು ಊರಿನ ಹೊರಗೆ. ಟಿಪ್ಪರ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮಾಲು ತಣ್ಣಗಾದರೆ ರೋಲರ್ ಎಷ್ಟು ಓಡಿಸಿದರೂ ಅದು ಗಟ್ಟಿಯಾಗಿ ಕೂರುವುದಿಲ್ಲ. ಅದು ಮೊದಲ ಮಳೆಗೇ ಏಳುತ್ತದೆ.

ಈಗ ಫ್ರೀ ಬಸ್ಸಿನ ಮಾತು. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಹೂಡಿಯ ರಸ್ತೆ, ಅದಕ್ಕೂ ಮೊದಲು ಹೇಗಿತ್ತು ಅಂತ ನಿಮ್ಮ ಸಹೋದ್ಯೋಗಿಯನ್ನು ಒಮ್ಮೆ ಕೇಳಿ ನೋಡಿ. ಶಕ್ತಿಯ ದುಡ್ಡು ರಾಜ್ಯದ ಬಜೆಟ್ಟಿನಿಂದ ಸಾರಿಗೆ ನಿಗಮಗಳಿಗೆ ಹೋಗುತ್ತದೆ. ಒಂದೇ ಖಜಾನೆ, ಹಾಗಾಗಿ ಎಲ್ಲಾ ಖರ್ಚುಗಳ ನಡುವೆ ಪೈಪೋಟಿ ಇರುವುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ವಾರ್ಡ್ ರಸ್ತೆಯ ರಿಪೇರಿ ದುಡ್ಡನ್ನು ಕಿತ್ತು ಬಸ್ ಟಿಕೆಟ್ಟಿಗೆ ಕೊಟ್ಟರು ಅನ್ನುವುದು ಸರಿಯಲ್ಲ. ನನ್ನ ತಕರಾರು ಬೇರೆ. ಟಿಕೆಟ್ ಫ್ರೀ ಮಾಡಿದರೆ ಜನ ಜಾಸ್ತಿ ಬರುತ್ತಾರೆ, ಅದಕ್ಕೆ ತಕ್ಕ ಬಸ್ಸಿಗೂ ದುಡ್ಡು ಇಡಬೇಕು. ಟಿಕೆಟ್ಟಿನ ದುಡ್ಡನ್ನೇ ನಿಗಮಕ್ಕೆ ತಡವಾಗಿ ಕೊಟ್ಟರೆ ಡೀಸೆಲ್ಲಿಗೆ, ಬಿಡಿಭಾಗಕ್ಕೆ, ಪಿ.ಎಫ್.ಗೆ ತಾಪತ್ರಯ ಶುರುವಾಗುತ್ತದೆ.

ನಿಮ್ಮ ಮನೆಯವರಿಗೆ ಬಸ್ ಬಾರದೇ ಇರುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದು ರಸ್ತೆಯೇ. ಟ್ರಾಫಿಕ್ ಸುಗಮವಾಗಿದ್ದರೆ ಒಂದು ಪಾಳಿಯಲ್ಲಿ ಎಂಟು ಟ್ರಿಪ್ ಮಾಡುವ ಬಸ್, ಜಾಮಿನಲ್ಲಿ ಆರೇ ಮಾಡುತ್ತದೆ ಅಂತಿಟ್ಟುಕೊಳ್ಳಿ. ಡ್ರೈವರ್ ಸಂಬಳ ಅಷ್ಟೇ, ಕಂಡಕ್ಟರ್ ಸಂಬಳ ಅಷ್ಟೇ, ಡೀಸೆಲ್ ಇನ್ನೂ ಜಾಸ್ತಿ. ಆದಾಯ ಮಾತ್ರ ಕಾಲು ಭಾಗ ಕಡಿಮೆ. ಸ್ಟಾಪಿನಲ್ಲಿ ಕಾಯುವವರಿಗೆ ಎರಡು ಬಸ್ ಮಾಯ. ಬೇಸತ್ತವರು ಸ್ಕೂಟರ್ ತಗೊಳ್ಳುತ್ತಾರೆ, ಜಾಮ್ ಇನ್ನೂ ಬೆಳೆಯುತ್ತದೆ. 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಬಸ್ಸಿಗೇ ಒಂದು ಲೇನ್ ಬಿಟ್ಟಿದ್ದರು, ನಿಮಗೆ ನೆನಪಿರಬಹುದು. ಬೊಲಾರ್ಡ್ ನೆಟ್ಟು, ಗೆರೆ ಎಳೆದದ್ದಷ್ಟೇ ಅದರ ಖರ್ಚು. ಫ್ಲೈಓವರಿನ ಮುಂದೆ ಅದು ಚಿಲ್ಲರೆ ಕಾಸು. ಮೆಟ್ರೋ ಕಾಮಗಾರಿ ಬಂತು, ಲೇನ್ ಹೋಯಿತು.

ಮೆಟ್ರೋ ದರದ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು, ಆಗ ಪ್ರಯಾಣಿಕರು ಕಡಿಮೆಯೂ ಆದರು. ದರ ನಿಗದಿಗೆ 2002ರ ಮೆಟ್ರೋ ಕಾಯ್ದೆಯಲ್ಲಿ ಪ್ರತ್ಯೇಕ ಸಮಿತಿ ಇದೆ. ಆ ಸಮಿತಿ ನೋಡುವುದು ನಿಗಮದ ಲೆಕ್ಕ: ವಿದ್ಯುತ್, ಸಿಬ್ಬಂದಿ, ಸಾಲದ ಕಂತು. ಒಬ್ಬ ಮೆಟ್ರೋ ಹತ್ತಿದ್ದರಿಂದ ರಸ್ತೆಯಲ್ಲಿ ಒಂದು ಕಾರು ಕಡಿಮೆಯಾಯಿತಲ್ಲ, ಆ ಲಾಭ ಆ ಪುಸ್ತಕದಲ್ಲಿ ಎಲ್ಲೂ ಜಮೆಯಾಗುವುದಿಲ್ಲ. ಅದು ಸಿಗುವುದು ರಸ್ತೆಯಲ್ಲಿ ಉಳಿದವರಿಗೆ, ಸ್ಟೇಷನ್ ಪಕ್ಕದ ಸೈಟಿನವರಿಗೆ, ಪಕ್ಕದ ಕಂಪನಿಗೆ. ಸುರಂಗ, ಕಂಬ, ನಿಲ್ದಾಣ ಕಟ್ಟಿದ ಖರ್ಚನ್ನು ಬರೀ ಟಿಕೆಟ್ಟಿನಿಂದ ಎತ್ತುವ ಮೆಟ್ರೋ ಜಗತ್ತಿನಲ್ಲೇ ಅಪರೂಪ. ಹಾಂಗ್‌ಕಾಂಗ್ ಎತ್ತುತ್ತದೆ ಅಂತ ಕೆಲವರು ವಾದ ಮಾಡುತ್ತಾರೆ. ಅಲ್ಲಿ ನಿಲ್ದಾಣದ ಮೇಲಿನ, ಅಕ್ಕಪಕ್ಕದ ಜಾಗ ಅಭಿವೃದ್ಧಿ ಮಾಡುವ ಹಕ್ಕೂ ಮೆಟ್ರೋ ಕಂಪನಿಗೇ ಇದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಇನ್ನು ‘ಪ್ರೈವೇಟ್‌ಗೆ ಕೊಡಿ, ಟೋಲ್ ಹಾಕಿ’. ಎಲೆಕ್ಟ್ರಾನಿಕ್ ಸಿಟಿ ಎಲಿವೇಟೆಡ್ ರಸ್ತೆ 2010ರಿಂದ ಟೋಲಿನ ಮೇಲೇ ನಡೆಯುತ್ತಿದೆ. ಅಲ್ಲಿ ಹತ್ತಲು ಇಳಿಯಲು ದಾರಿ ಕೆಲವೇ, ಗೇಟು ಹಾಕಬಹುದು. ನಿಮ್ಮ ಅಡ್ಡರಸ್ತೆಗೆ ಗೇಟು ಎಲ್ಲಿ ಹಾಕುತ್ತೀರಿ? ಟೋಲ್ ಬರುವುದು ವಾಹನ ಕಿಕ್ಕಿರಿಯುವ ಕೆಲವೇ ರಸ್ತೆಗಳಲ್ಲಿ, ಅವುಗಳನ್ನು ಮಾತ್ರ ಪ್ರೈವೇಟ್‌ನವರು ಕೇಳುತ್ತಾರೆ. ಉಳಿದ ಸಾವಿರಾರು ಕಿಲೋಮೀಟರ್ ಪಾಲಿಕೆಗೇ ಉಳಿಯುತ್ತದೆ. ದೊಡ್ಡ ಟೋಲ್ ಯೋಜನೆಗಳಿಗೂ ಸಾಮಾನ್ಯವಾಗಿ ಸರ್ಕಾರ ಜಾಗ, ಅನುದಾನ, ಗ್ಯಾರಂಟಿ ಅಂತ ಏನಾದರೂ ಪಾಲು ಹಾಕಲೇಬೇಕು. ಹೆಬ್ಬಾಳ–ಸಿಲ್ಕ್ ಬೋರ್ಡ್ ನಡುವಿನ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಯ ಅಂದಾಜು 17 ಸಾವಿರ ಕೋಟಿ ದಾಟಿದೆ. 148 ಕಿಲೋಮೀಟರ್ ಉಪನಗರ ರೈಲಿಗೆ 2020ರಲ್ಲಿ ಒಪ್ಪಿಗೆ ಕೊಟ್ಟ ಮೊತ್ತ 15,767 ಕೋಟಿ. ಆಗಿನ ಬೆಲೆಗೂ ಈಗಿನ ಬೆಲೆಗೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಹಾಗಿದ್ದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ದಾರಿ ಏನು ಅಂತ ಕೇಳಿದರೆ, ನನಗೆ ಎಲ್ಲಕ್ಕಿಂತ ಸರಿ ಅನ್ನಿಸುವುದು ಸರಳವಾದದ್ದು: ಬೆಂಗಳೂರಿನಲ್ಲಿ ವಸೂಲಾಗುವ ವಾಹನ ತೆರಿಗೆಯಲ್ಲಿ ಒಂದು ನಿಗದಿತ ಪಾಲು, ಯಾರ ಕೃಪೆಯೂ ಬೇಕಿಲ್ಲದೆ, ಪ್ರತಿ ವರ್ಷ ನೇರವಾಗಿ ಪಾಲಿಕೆಗಳ ರಸ್ತೆ ನಿರ್ವಹಣೆಗೆ ಮತ್ತು ಬಸ್ಸಿಗೆ ಬರಬೇಕು. ಹೊಸ ತೆರಿಗೆ ಬೇಡ. ಇದರಲ್ಲೂ ತೊಡಕಿದೆ. ಬೆಂಗಳೂರಿನ ದುಡ್ಡು ಬೆಂಗಳೂರಿಗೇ ಅಂದರೆ ಕಲಬುರಗಿಯವರು, ಬೀದರಿನವರು ‘ನಮ್ಮ ಗತಿ ಏನು’ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಾಗಾಗಿ ಪೂರ್ತಿ ಅಲ್ಲ, ಪಾಲು. ಐದು ಪಾಲಿಕೆಗಳ ನಡುವೆಯೂ ಇದೇ ಜಗಳ ಬರುತ್ತದೆ. ಐ.ಟಿ. ಕಟ್ಟಡಗಳಿಂದಾಗಿ ಆಸ್ತಿ ತೆರಿಗೆ ನಿಮ್ಮ ಪೂರ್ವದ ಕಡೆ ಜಾಸ್ತಿ, ಬೇರೆ ಕಡೆ ಅಷ್ಟಿಲ್ಲ.

ಪಾರ್ಕಿಂಗ್ ಶುಲ್ಕ ಇನ್ನೊಂದು. ರಸ್ತೆಯ ಜಾಗದಲ್ಲಿ ದಿನವಿಡೀ ಪುಕ್ಕಟೆ ಕಾರು ನಿಲ್ಲಿಸುವುದು ಬೆಂಗಳೂರಿನವರಿಗೆ ಹಕ್ಕಿನ ಹಾಗೆ ಆಗಿಬಿಟ್ಟಿದೆ. ಶುಲ್ಕ ಹಾಕಿದರೆ ದುಡ್ಡೂ ಬರುತ್ತದೆ, ಲೇನೂ ತೆರವಾಗುತ್ತದೆ. ಅಪಾಯ ಏನೆಂದರೆ ವಸೂಲಿ ಗುತ್ತಿಗೆ. ರಸೀದಿ ಇಲ್ಲದೆ ಕೈಗೆ ಕೈ ದಾಟಿದರೆ ಪಾಲಿಕೆಗೆ ಏನೂ ಉಳಿಯುವುದಿಲ್ಲ.

ಔಟರ್ ರಿಂಗ್ ರೋಡಿಗೆ ದಟ್ಟಣೆ ಶುಲ್ಕದ, ಅಂದರೆ ಟ್ರಾಫಿಕ್ ಕಿಕ್ಕಿರಿಯುವ ಕಡೆ ಬರುವ ವಾಹನಗಳಿಗೆ ಹಾಕುವ ಶುಲ್ಕದ, ಮಾತು ಆಗಾಗ ಏಳುತ್ತದೆ. ಲಂಡನ್ 2003ರಲ್ಲಿ ಐದು ಪೌಂಡಿನಿಂದ ಶುರುಮಾಡಿತು. ಮೊದಲ ದಿನವೇ ಹೆಚ್ಚುವರಿ ಬಸ್ ಬಿಟ್ಟರು, ಬಂದ ಲಾಭವನ್ನು ಸಾರಿಗೆಗೇ ಹಾಕಬೇಕು ಅಂತ ಕಾನೂನಿನಲ್ಲೇ ಬರೆದರು. ಬಸ್ ಇಲ್ಲದೆ ಇಲ್ಲಿ ಶುಲ್ಕ ಮಾತ್ರ ತಂದರೆ ಅದು ದಂಡ ಅಷ್ಟೇ, ನಾನೇ ವಿರೋಧಿಸುತ್ತೇನೆ. ಅದಕ್ಕಿಂತ ನನಗೆ ಹಿಡಿಸುವುದು ಪ್ಯಾರಿಸ್ಸಿನ ಪದ್ಧತಿ. ಅಲ್ಲಿ 1971ರಿಂದ ಕಂಪನಿಗಳು ತಮ್ಮ ಸಂಬಳದ ಮೊತ್ತದ ಮೇಲೆ ಸಣ್ಣ ಪಾಲನ್ನು ಸಾರ್ವಜನಿಕ ಸಾರಿಗೆಗೆ ಕೊಡುತ್ತಾ ಬಂದಿವೆ. ಕೆಲಸಗಾರರು ಹೊತ್ತಿಗೆ ಬಂದರೆ ಲಾಭ ಕಂಪನಿಗೂ ಇದೆ ಅಲ್ವಾ? ನಮ್ಮಲ್ಲೂ ಮೆಟ್ರೋ ನಿಲ್ದಾಣಕ್ಕೆ ದುಡ್ಡು ಕೊಟ್ಟ ಸಂಸ್ಥೆಗಳಿವೆ, ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೋಸಿಸ್ ಫೌಂಡೇಶನ್ ಕೊಟ್ಟ ಹಾಗೆ. ಅದು ದೊಡ್ಡ ಮನಸ್ಸು. ಆದರೆ ದಾನದ ಮೇಲೆ ವರ್ಷವರ್ಷದ ನಿರ್ವಹಣೆ ನಡೆಯುವುದಿಲ್ಲ.

ಸಾಲಪತ್ರ, ಅಂದರೆ ಬಾಂಡ್ ಮಾರಿ ಜನರಿಂದ ಸಾಲ ಎತ್ತುವುದೂ ಒಂದು ದಾರಿ. 1997ರಲ್ಲಿ ನಮ್ಮ ಮಹಾನಗರ ಪಾಲಿಕೆಯೇ 125 ಕೋಟಿಯ ಬಾಂಡ್ ತಂದಿತ್ತು, ದೇಶದಲ್ಲೇ ಮೊದಲು. ಸಾಲ ತೀರಿಸಲು ಖಚಿತ ಆದಾಯ ಬೇಕು. ಅದು ಇಲ್ಲದ ತನಕ ಈ ದಾರಿ ಬೇಡ ಅಂತಲೇ ನನ್ನ ಸಲಹೆ.

ಕೊನೆಗೆ ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿನ ವಿಷಯ. ಆಸ್ತಿ ತೆರಿಗೆ ನಿಲ್ಲಿಸಬೇಡಿ. ನೀವು ಕಟ್ಟುವ ಎಲ್ಲಾ ತೆರಿಗೆಗಳಲ್ಲಿ ನಿಮ್ಮ ರಸ್ತೆಯ ಮಾಲೀಕನಿಗೆ ನೇರವಾಗಿ ತಲುಪುವುದು ಅದೊಂದೇ. ಅದನ್ನೇ ತಡೆದರೆ ವಿಧಾನಸೌಧಕ್ಕೆ ಏನೂ ಆಗುವುದಿಲ್ಲ, ಕಸದ ಗಾಡಿ ಮತ್ತು ಬೀದಿದೀಪಕ್ಕೆ ಪೆಟ್ಟು ಬೀಳುತ್ತದೆ. ಬಡ್ಡಿ, ದಂಡ ನಿಮ್ಮ ತಲೆಗೇ ಬರುತ್ತದೆ. ಏಪ್ರಿಲ್‌ನಲ್ಲಿ ಕಟ್ಟಿ ಶೇ 5 ರಿಯಾಯಿತಿ ತಗೊಳ್ಳಿ. ಆಮೇಲೆ ಜಗಳಕ್ಕೆ ಹೋಗಿ.

ಜಗಳ ಹೀಗೆ ಮಾಡಿ. ‘ಗುಂಡಿ ಮುಚ್ಚಿ’ ಅಂತ ಅರ್ಜಿ ಕೊಟ್ಟರೆ ಕೋಲ್ಡ್ ಮಿಕ್ಸ್, ಅಂದರೆ ಬಿಸಿ ಮಾಡದೆ ಬಳಸುವ ಡಾಂಬರು ಮಿಶ್ರಣ, ಸುರಿದು ಹೋಗುತ್ತಾರೆ. ಅದರ ಬದಲು ಮಾಹಿತಿ ಹಕ್ಕಿನಲ್ಲಿ ನಿಮ್ಮ ರಸ್ತೆಗೆ ಕೊನೆಯ ಸಲ ಡಾಂಬರು ಹಾಕಿದ ಕೆಲಸದ ಆದೇಶ, ಅಳತೆ ಪುಸ್ತಕದ ಪುಟಗಳು ಮತ್ತು ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ ಕೇಳಿ. ಆ ಅವಧಿಯೊಳಗೆ ಗುಂಡಿ ಬಿದ್ದಿದ್ದರೆ ಕಂಟ್ರಾಕ್ಟರೇ ಅವನ ಖರ್ಚಿನಲ್ಲಿ ಸರಿ ಮಾಡಬೇಕು, ಪಾಲಿಕೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ಅದರ ಜೊತೆಗೆ, ಕಳೆದ ವರ್ಷ ಆ ರಸ್ತೆ ಅಗೆಯಲು ಯಾರಿಗೆಲ್ಲ ಅನುಮತಿ ಕೊಟ್ಟರು, ಮರುಮುಚ್ಚುವಿಕೆಗೆ ಅವರಿಂದ ಎಷ್ಟು ಕಟ್ಟಿಸಿಕೊಂಡರು, ಅದರಲ್ಲಿ ಎಷ್ಟು ಖರ್ಚಾಯಿತು ಅಂತ ಕೇಳಿ. ಕೊನೆಯ ಪ್ರಶ್ನೆ ಚರಂಡಿಯದ್ದು: ಹೂಳೆತ್ತಲು ಈ ವರ್ಷ ನಿಮ್ಮ ವಾರ್ಡಿಗೆ ಎಷ್ಟು ಇಟ್ಟಿದ್ದಾರೆ? 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಈ ಊರಿನಲ್ಲಿ ಕಾರ್ಪೊರೇಟರುಗಳೇ ಇರಲಿಲ್ಲ, ಇದನ್ನೆಲ್ಲ ಕೇಳಲು ಬಾಗಿಲೂ ಇರಲಿಲ್ಲ. ಪಾಲಿಕೆ ಚುನಾವಣೆಗೆ ಓಟು ಕೇಳಲು ಬರುವವರ ಮುಂದೆ ಗುಂಡಿಯ ಫೋಟೋ ಹಿಡಿಯುವುದಕ್ಕಿಂತ, ಸಿಕ್ಕ ಉತ್ತರದ ಕಾಗದ ಹಿಡಿದು ‘ವಾಹನ ತೆರಿಗೆಯಲ್ಲಿ ಪಾಲು ಕೇಳುತ್ತೀರಾ?’ ಅಂತ ಕೇಳಿ.